ಡಬ್ಬು ಮೆಣಸಿನಕಾಯಿಯ ಮೇಲಿನ ನೀರು

ನೀರು ಕುದಿಯಲು ಇನ್ನೂ ಎರಡು ನಿಮಿಷವಿತ್ತು. ಶೈಲಾ ಪಾತ್ರೆಯ ತಳದಿಂದ ಏಳುತ್ತಿದ್ದ ಸಣ್ಣ ಗುಳ್ಳೆಗಳನ್ನು ನೋಡುತ್ತ, ಕಿವಿಯನ್ನು ಮಾತ್ರ ಪಡಸಾಲೆಯ ಕಡೆ ಇಟ್ಟಿದ್ದಳು. ಅಲ್ಲಿ ಮಂಚದ ಮೇಲೆ ಮಾವ ವಿರುಪಾಕ್ಷಪ್ಪ ಎದ್ದು ಕೂತಿದ್ದರು. ಕಾಮಾಲೆ ಹಿಡಿದು ಮಿರಜದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ ಬಂದವರು ತಾವಾಗಿಯೇ ಎದ್ದು ಕೂತದ್ದು ಇದೇ ಮೊದಲು. ಗಂಜಿ ಕುಡಿಸಿದರೆ ವಾಂತಿ, ಇಡ್ಲಿ ತೋರಿಸಿದರೆ ಗೋಡೆಯ ಕಡೆ ಮುಖ. ನಾಳೆಯೊಳಗೆ ಹೊಟ್ಟೆಯಲ್ಲಿ ಏನಾದರೂ ನಿಲ್ಲದಿದ್ದರೆ ಮತ್ತೆ ಕರೆದುಕೊಂಡು ಬನ್ನಿ, ಸಲೈನ್ ಹಚ್ಚೋಣ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಎಣ್ಣೆ ಹೆಸರಿಗಷ್ಟೇ ಇರಲಿ, ಖಾರ ಬೇಡ. ಲಿವರಿಗೆ ಇನ್ನೊಂದು ಪೆಟ್ಟು ತಡೆಯುವ ಶಕ್ತಿ ಇಲ್ಲ ಎಂದೂ ಹೇಳಿದ್ದರು.

ಅಂಥ ಮನುಷ್ಯ ಈ ದಿನ ಬೆಳಿಗ್ಗೆ ಯಾರ ಮುಖವನ್ನೂ ನೋಡದೆ, "ದವಾಖಾನ್ಯಾಗ ಬಾಜೂ ಕಾಟಿನ ಹುಡುಗಿಗೆ ಡಬ್ಬ್ಯಾಗ ತರತಿದ್ರಲಾ, ಕೊಳವಿಗತೆ ಇರೂದು, ಕಾಯಿಪಲ್ಲೆ ಹಾಕಿದ್ದು. ಅದನ್ನ ಮಾಡಾಕ ಬರತೈತೇನವಾ ನಿನಗ?" ಎಂದು ಕೇಳಿದ್ದರು.

ಕೇಳಿದ್ದೇ ತಡ, ಶೈಲಾಳ ಗಂಡ ರೋಹನ ಬೈಕ್ ಹತ್ತಿ ಅಥಣಿಗೆ ಹೋಗಿ ಪಾಸ್ತಾ ಪೊಟ್ಟಣ ತಂದುಕೊಟ್ಟು ತನ್ನ ಕೆಲಸಕ್ಕೆ ಹೋಗಿದ್ದ. ಅತ್ತೆ ಕಾಳವ್ವ ಬುಟ್ಟಿ ಹಿಡಿದು ದ್ರಾಕ್ಷಿ ತೋಟಕ್ಕೆ ನಡೆದಿದ್ದಳು. ತೋಟದ ಬದುವಿನಲ್ಲಿ ಒಂದು ಸಾಲು ಕಾಯಿಪಲ್ಲೆ ಹಾಕುವುದು ಅಥಣಿ ಸೀಮೆಯ ಅನಂತಪುರದ ಈ ಮನೆಯಲ್ಲಿ ಮೂವತ್ತು ವರ್ಷದ ರೂಢಿ. ಬಳ್ಳಿಗೆ ಬಿಟ್ಟ ನೀರೇ ಅದಕ್ಕೂ ಸಾಕು. ಸಂತೆಯ ಕಾಯಿಪಲ್ಲೆಯೆಲ್ಲ ವಿಷ, ಬದುವಿನದು ಮಾತ್ರ ಚೊಕ್ಕ ಎಂಬುದು ಕಾಳವ್ವನ ನಂಬಿಕೆ.

ಬುಟ್ಟಿಯಲ್ಲಿ ಟಮಾಟಿ, ಎಳೆ ಬೀನ್ಸ್, ಹಸಿ ಬಟಾಣಿ, ಎರಡು ಗಜ್ಜರಿ, ಮೂರು ಡಬ್ಬು ಮೆಣಸಿನಕಾಯಿ ಇದ್ದವು. ಡಿಸೆಂಬರಿನ ಚಳಿಯಲ್ಲಿ ಬೆಳೆದದ್ದಕ್ಕೆ ಎಲ್ಲವೂ ಬಿಗಿಯಾಗಿ, ಬಣ್ಣ ತುಂಬಿಕೊಂಡಿದ್ದವು. ತೊಳೆಯುವಾಗ ಶೈಲಾಳ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಡಬ್ಬು ಮೆಣಸಿನಕಾಯಿಯ ನುಣುಪು ಸಿಪ್ಪೆಯ ಮೇಲೆ ನೀರು ಹನಿಹನಿಯಾಗಿ ಜಾರಬೇಕಿತ್ತು. ಅದು ಜಾರದೆ, ತೆಳ್ಳಗಿನ ಪೊರೆಯಂತೆ ಕಾಯಿಯ ಮೈತುಂಬ ಹರಡಿತು. ಕೈಯಲ್ಲಿ ಸಾಬೂನಿನ ಪಸೆ ಇದ್ದಿರಬೇಕು ಎಂದುಕೊಂಡು ಆಕೆ ಎರಡು ಕಾಯಿ ಹೆಚ್ಚಿದಳು. ಮೂರನೆಯದು ತೊಳೆಯದೆ ಬುಟ್ಟಿಯಲ್ಲೇ ಉಳಿಯಿತು.

ನೀರು ಕುದಿಯಿತು. ಉಪ್ಪು ಹಾಕಿ ಎರಡು ಹಿಡಿ ಪಾಸ್ತಾ ಬಿಟ್ಟಳು. ಪಕ್ಕದ ಒಲೆಯ ಬಾಣಲೆಗೆ ಅರ್ಧ ಚಮಚ ಎಣ್ಣೆ ಹಾಕಿ, ಗಟ್ಟಿ ಕಾಯಿ ಮೊದಲು, ಮೆತ್ತನೆಯವು ಆಮೇಲೆ, ಕೊನೆಗೆ ಟಮಾಟಿ.

"ಶಾವಿಗಿ ಬಸಿಯೂದಕ್ಕ ಇಷ್ಟ ಪೂಜಿ ಬೇಕೇನ? ಇದರ ಹೆಸರೇನಂದಿ?" ಬಾಗಿಲಲ್ಲಿ ನಿಂತ ಕಾಳವ್ವ ಕೇಳಿದಳು.

"ಪಾಸ್ತಾ ರೀ, ಅತ್ಯಾರ."

"ಪಾಸ್ತಾರೆ ಆಗ್ಲಿ, ಪಂಚಮಿ ಉಂಡಿಯರೆ ಆಗ್ಲಿ. ಅವರ ಹೊಟ್ಟ್ಯಾಗ ನಿಂತ್ರ ಸಾಕವಾ."

ಪಾಸ್ತಾ ಬಸಿದು, ಬಸಿದ ನೀರನ್ನು ಒಂದು ಸೌಟಿನಷ್ಟು ಬಾಣಲೆಗೆ ಸುರಿದು ಎಲ್ಲವನ್ನೂ ಕೂಡಿಸಿದಳು. ಘಮ ಪಡಸಾಲೆ ಮುಟ್ಟಿರಬೇಕು. "ಆತೇನ? ಹಸಿವ್ಯಾದಂಗ ಆಗೈತಿ ನೋಡ," ಎಂದು ಮಾವನ ದನಿ ಬಂತು. ಕಾಳವ್ವನ ಕಣ್ಣು ತುಂಬಿದವು. ತಟ್ಟೆ ತರಲು ಒಳಗೆ ಓಡಿದಳು.

ಅದೇ ಹೊತ್ತಿಗೆ ಅಂಗಳದಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ತೋಟ ನೋಡಿಕೊಳ್ಳುವ ಮಲಕಾರಿ ಪಡಸಾಲೆಯ ಕಿಟಕಿಗೆ ಬಂದು ನಿಂತ.

"ಮಾಲಕ್ರ, ನೀವು ಫೋನ್ಯಾಗ ಹೇಳಿದಂಗ ಆರಕ್ಕ ಶುರು ಮಾಡಿ ಎಂಟರೊಳಗ ಔಷಧ ಹೊಡದ ಮುಗಿಸೀನ್ರಿ. ಈ ಮ್ವಾಡಕ್ಕ ಹೊಡೀದ ಬಿಟ್ಟಿದ್ರ ಗೊನಿ ಎಲ್ಲಾ ಹೋಗತಿದ್ದು."

"ಸ್ಟಿಕ್ಕರ್ ಹಾಕಿದ್ದೇನಲೇ?"

"ಹಾಕದ ಬಿಡತೀನೇನ್ರಿ? ಹನಿ ಒಂದೂ ಉರಳಿ ಬೀಳವಲ್ತು, ಎಲಿ ತುಂಬ ಹರಡೈತಿ. ಹೊಸಾ ಬ್ಲೋವರ್ ಅಂದ್ರ ಬ್ಲೋವರ್ ರೀ! ಕಡೀ ಸಾಲಿನ್ಯಾಗ ಹೊಡದ್ರ ಬದುವಿನ ಬಾರಿಹಣ್ಣಿನ ಗಿಡ ಸೈತ ತೊಯ್ದ ಹೋತು."

ಶೈಲಾಳ ಕೈಯ ಸೌಟು ನಿಂತಿತು.

ಸ್ಟಿಕ್ಕರ್ ಎಂದರೆ ಔಷಧ ಎಲೆಗೆ ಅಂಟಿಕೊಳ್ಳಲೆಂದು ಬೆರೆಸುವ ದ್ರಾವಣ. ಅದು ಬಿದ್ದಲ್ಲಿ ನೀರು ಹನಿಗಟ್ಟುವುದಿಲ್ಲ, ಹರಡುತ್ತದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು ಆಕೆ, ಕಣ್ಣಾರೆ ಕಂಡದ್ದನ್ನು ಸಾಬೂನಿನ ಪಸೆ ಎಂದು ತಳ್ಳಿಹಾಕಿದ್ದಳು. ಹಿಂದೆಲ್ಲ ಕೈಯಿಂದ ಪೈಪು ಹಿಡಿದು ಹೊಡೆಯುತ್ತಿದ್ದಾಗ ಔಷಧ ಸಾಲು ದಾಟುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ಬ್ಲೋವರ್ ಬಂದದ್ದು ಈ ವರ್ಷದ ಮಳೆಗಾಲದಲ್ಲಿ. ಕಾಯಿಪಲ್ಲೆಯ ಸಾಲು ಮಾತ್ರ ಹಳೆಯ ಜಾಗದಲ್ಲೇ ಇತ್ತು.

ಕಾಳವ್ವ ತಟ್ಟೆ ತಂದು ಒಲೆಯ ಪಕ್ಕ ಇಟ್ಟಳು.

"ಅತ್ಯಾರ, ಇದನ್ನೆಲ್ಲಾ ಎಷ್ಟೊತ್ತಿಗೆ ಹರದ್ರಿ?" ಶೈಲಾ ದನಿ ತಗ್ಗಿಸಿ ಕೇಳಿದಳು.

ಕಿಟಕಿಯ ಮಾತು ಕಾಳವ್ವನಿಗೂ ಕೇಳಿತ್ತು. "ನಿನ್ನೆ ಸಂಜಿಗೆ ಹರದ ಇಟ್ಟಿದ್ನಿ," ಎಂದಳು. ಕಣ್ಣು ಬಾಣಲೆಯ ಮೇಲಿತ್ತು.

"ಇವತ್ತ ಒಂಬತ್ತಕ್ಕ ಬುಟ್ಟಿ ಹಿಡ್ಕೊಂಡ ಹೋಗಿದ್ರೆಲಾ ರೀ."

"ಏನ, ನನ್ನ ಸುಳ್ಳಿ ಮಾಡತಿ? ಆ ಬದುವಿನ ಪಲ್ಲೇನ ತಿಂದ ನಿನ್ನ ಗಂಡ ಬೆಳದಾನ. ತೊಳದೀಯಿಲ್ಲ? ಮತ್ತೇನ!"

"ತೊಳದ್ರ ಹೋಗೂದಲ್ಲ ರೀ ಅದು."

"ಇಪ್ಪತ್ತ ದಿನದ ಮ್ಯಾಲ ಅವರ ಬಾಯಾಗ ಹಸಿವು ಅನ್ನೂ ಮಾತ ಬಂದೈತಿ ಶೈಲಾ. ಈಗ ಬ್ಯಾಡ ಅಂದ್ರ ಮತ್ತ ಕೇಳೂದಿಲ್ಲ ಅವರು. ನನಗ ಗೊತ್ತೈತಿ."

ಅದು ಸುಳ್ಳಲ್ಲ. ಶೈಲಾಳಿಗೂ ಅದೇ ಭಯ. ಆ ಒಂದು ಕ್ಷಣದ ಹಿಂಜರಿಕೆಯಲ್ಲೇ ಕಾಳವ್ವ ಬಾಣಲೆ ವಾಲಿಸಿ, ತಟ್ಟೆಗೆ ಬಡಿಸಿಕೊಂಡು ಪಡಸಾಲೆಗೆ ನಡೆದುಬಿಟ್ಟಳು.

ಶೈಲಾ ಬುಟ್ಟಿಯಲ್ಲಿ ಉಳಿದಿದ್ದ ಮೂರನೆಯ ಕಾಯಿಯನ್ನೂ ಒಂದು ಲೋಟ ನೀರನ್ನೂ ಹಿಡಿದು ಹಿಂದೆಯೇ ಓಡಿದಳು. ವಿರುಪಾಕ್ಷಪ್ಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊದುತ್ತಿದ್ದರು. ಚಮಚ ತುಟಿಯ ಹತ್ತಿರ ಬಂದಿತ್ತು.

"ಮಾವಾರ, ತಿನ್ನಬ್ಯಾಡ್ರಿ!"

ಆ ಮನೆಗೆ ಸೊಸೆಯಾಗಿ ಬಂದ ಆರು ವರ್ಷದಲ್ಲಿ ಆಕೆ ಅವರೆದುರು ದನಿ ಎತ್ತಿದ್ದಿಲ್ಲ. ಚಮಚ ನಿಂತಿತು. ಕಿಟಕಿಯ ಹೊರಗೆ ಮಲಕಾರಿ ಬಾಯಿ ತೆರೆದು ನಿಂತ.

"ಯಾಕ?"

ಅತ್ತೆಯ ಹೆಸರು ಬಾಯಿಗೆ ತರುವುದು ಶೈಲಾಳಿಗೆ ಬೇಕಿರಲಿಲ್ಲ. ಕಾಯಿಯನ್ನು ಅವರ ಕಣ್ಣೆದುರು ಹಿಡಿದು, ಬೆರಳ ತುದಿಯಿಂದ ಎರಡು ಹನಿ ನೀರು ಬಿಟ್ಟಳು. ಹನಿ ನಿಲ್ಲಲಿಲ್ಲ. ಚಪ್ಪಟೆಯಾಗಿ, ಹಸಿರು ಸಿಪ್ಪೆಯ ಮೇಲೆ ಸದ್ದಿಲ್ಲದೆ ಹರಡಿತು.

ಪ್ರತಿ ಸಲ ಔಷಧ ಹೊಡೆದಾದ ಮೇಲೆ ದ್ರಾಕ್ಷಿ ಎಲೆಯ ಮೇಲೆ ಹೀಗೇ ನೀರು ಚಿಮುಕಿಸಿ ಪರೀಕ್ಷೆ ಮಾಡುತ್ತಿದ್ದವರು ವಿರುಪಾಕ್ಷಪ್ಪನೇ. ಆ ಕಾಯಿಯನ್ನು ಕೈಗೆ ತೆಗೆದುಕೊಂಡು ಬೆರಳಿಂದ ಒರೆಸಿ ನೋಡಿದರು. ಆಮೇಲೆ ಚಮಚವನ್ನು ತಟ್ಟೆಯಲ್ಲಿಟ್ಟರು.

"ಯಾವಾಗ ಹರದಿ?" ಹೆಂಡತಿಯನ್ನು ಕೇಳಿದರು.

ಕಾಳವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂಬತ್ತಕ್ಕ ರೀ. ವಾಸನಿ ಇತ್ತು. ತೋಟದ್ದ ವಾಸನಿ ಅಂದ್ಕೊಂಡ್ನಿ."

"ಮತ್ತ ಓಣ್ಯಾಗ ಯಾರಿಗೆ ಕೊಟ್ಟಿ?"

ಮನೆಗೆ ಬರುವ ದಾರಿಯಲ್ಲಿ ಓಣಿಯ ನೆರೆಯಾಕೆ ಸತ್ತೆವ್ವನ ಉಡಿಗೆ ಅರ್ಧ ಬುಟ್ಟಿ ಸುರಿದುಬಂದದ್ದು ಕಾಳವ್ವನಿಗೆ ಆಗ ನೆನಪಾಯಿತು. "ಯವ್ವಾ," ಎಂದವಳೇ ಚಪ್ಪಲಿ ಕೂಡ ಮೆಟ್ಟದೆ ಓಣಿಗೆ ಓಡಿದಳು.

ಮಲಕಾರಿ ತಟ್ಟೆಯನ್ನೂ ಬಾಣಲೆಯನ್ನೂ ಎತ್ತಿಕೊಂಡ. ಅಭ್ಯಾಸ ಬಲದಿಂದ ಎಮ್ಮೆಯ ಗೋದಲಿಯ ಕಡೆ ಹೊರಟವನನ್ನು ಶೈಲಾ ಕೂಗಿ ನಿಲ್ಲಿಸಿದಳು.

"ಮತ್ತ ಎಲ್ಲಿ ಚೆಲ್ಲಲಿ ರೀ ವೈನ್ಯಾರ?"

ತಿಪ್ಪೆಗೆ ಹಾಕಿದರೆ ಕೋಳಿ, ಓಣಿಗೆ ಹಾಕಿದರೆ ನಾಯಿ. ಅಂಗಳದ ನಡುವೆ ಅವನು ಬಾಣಲೆ ಹಿಡಿದು ನಿಂತ. ಕಡೆಗೆ ಗುದ್ದಲಿ ತಂದು ಮೂಲೆಯಲ್ಲಿ ತಗ್ಗು ತೋಡತೊಡಗಿದ.

ಶೈಲಾ ಮತ್ತೆ ನೀರಿಟ್ಟಳು. ಪೊಟ್ಟಣದಲ್ಲಿ ಪಾಸ್ತಾ ಇತ್ತು, ಕಾಯಿಪಲ್ಲೆ ಇರಲಿಲ್ಲ. ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. ಅವರು ಮತ್ತೆ ಮಲಗಿಬಿಟ್ಟರೇ ಎಂದು ಇಣುಕಿ ನೋಡಲು ಆಕೆಗೆ ಧೈರ್ಯ ಸಾಲಲಿಲ್ಲ. ಗುಳ್ಳೆ ಏಳಲು ಇಷ್ಟು ಹೊತ್ತು ಯಾಕೆ ಬೇಕು ಎಂದು ಉರಿ ದೊಡ್ಡದು ಮಾಡಿದಳು.

ನೀರು ಕುದಿಯುವ ಮೊದಲೇ ಕಾಳವ್ವ ಬಂದಳು. ಒಂದು ಕೈಯ ಚೀಲದಲ್ಲಿ ತಾನು ಕೊಟ್ಟಿದ್ದ ಕಾಯಿಪಲ್ಲೆ ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ಮೂರು ಟಮಾಟಿ, ಒಂದು ಎಳೆ ಹೀರೇಕಾಯಿ. "ಸತ್ತೆವ್ವನ ಹಿತ್ತಲದ್ದು. ಬಾಯಿ ಬಿಟ್ಟ ಬೇಡಿದ್ನಿ," ಎಂದಳು. ಇಷ್ಟು ವರ್ಷ ಓಣಿಗೆಲ್ಲ ಹಂಚಿದ ಕೈ ಅದು. ಈಚಲು ಚಾಪೆಯ ಮೇಲೆ ಕೂತು ತಾನೇ ಹೀರೇಕಾಯಿ ಹೆರೆಯತೊಡಗಿದಳು. ಶೈಲಾ ಟಮಾಟಿಯ ಮೇಲೆ ನೀರು ಬಿಟ್ಟಳು. ಹನಿಗಳು ದುಂಡಗೆ ಉರುಳಿ ಬಿದ್ದವು. ಇಬ್ಬರೂ ನೋಡಿದರು.

ಎರಡನೆಯ ತಟ್ಟೆ ಪಡಸಾಲೆಗೆ ಹೋದಾಗ ವಿರುಪಾಕ್ಷಪ್ಪ ಮಲಗಿರಲಿಲ್ಲ. ಗೋಡೆಗೆ ಒರಗಿ, ತಮ್ಮ ಹಳದಿ ಉಗುರುಗಳನ್ನು ನೋಡಿಕೊಳ್ಳುತ್ತಿದ್ದರು. ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದರು. ನುಂಗಿದರು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ತಡೆದು, ಕಣ್ಣು ಮುಚ್ಚಿ, ಎದೆ ಹಿಡಿದುಕೊಂಡರು. ಕಾಳವ್ವ ಮಂಚದ ಕೆಳಗಿನ ವಾಂತಿಯ ಬೋಗುಣಿಗೆ ಕೈ ಹಾಕಿದಳು.

ಬರೀ ತೇಗು ಬಂತು.

"ಈ ಕಾಮಾಲಿ ಹತ್ತೂದಕ್ಕಿಂತ ಮದ್ಲ…" ಕಾಳವ್ವ ಬಾಯಿ ತೆರೆದಳು. "ಆವಾಗೂ ನಾ ಅದ ಪಲ್ಲೇನ ಮಾಡಿ ಹಾಕೀನ್ರಿ."

ಕಾಮಾಲೆ ಅದರಿಂದಲೇ ಬಂತೋ ಇಲ್ಲವೋ ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಶೈಲಾಳ ರಸಾಯನಶಾಸ್ತ್ರಕ್ಕೂ ಅದು ಗೊತ್ತಿರಲಿಲ್ಲ. ಹೊರಗೆ ಗುದ್ದಲಿ ಮಣ್ಣು ಮುಚ್ಚುತ್ತಿತ್ತು.

"ಬ್ಲೋವರ್ ತಂದಾವ ನಾ," ವಿರುಪಾಕ್ಷಪ್ಪ ಹೇಳಿದರು. "ಹೊಡಿ ಅಂತ ಫೋನ್ ಮಾಡಿದಾವನೂ ನಾನ. ನೀ ಏನ ಮಾಡ್ತಿ?"

ಮತ್ತೆ ಚಮಚ ಹಿಡಿದರು. ಕಾಳವ್ವನ ಕೈ ಮಾತ್ರ ಬೋಗುಣಿಯನ್ನು ಬಿಡಲಿಲ್ಲ.