ಬಿಸಿನೀರಿನ ತಾಯಿ

"ಇದನ್ನ ಎಲ್ಲಿಂದ ಕಿತ್ಕೊಂಡು ಬಂದೆ?"

ದೊಡ್ಡವಳು ಮೇಜಿನ ಮೇಲಿದ್ದ ಕೆಲ್ಪ್ ಸೊಪ್ಪನ್ನು ಕೈಯಲ್ಲಿ ಮುಟ್ಟದೆ ಕತ್ತಿಯ ತುದಿಯಿಂದ ಮಗುಚಿ ನೋಡಿದಳು. ಕಡಲ ಸೊಪ್ಪು ಎಂದರೆ ಆಳುದ್ದ ಇರಬೇಕು, ಎಣ್ಣೆ ಹಚ್ಚಿದಂತೆ ಮಿನುಗಬೇಕು. ಇದು ಗಿಡ್ಡ, ಅಂಚೆಲ್ಲ ಹರಿದದ್ದು, ಹಳೇ ಚರ್ಮದ ಚೀಲದ ಹಾಗೆ ದಪ್ಪ.

"ಐಸ್ ಫ್ಯಾಕ್ಟರಿ ಕೊಳವೆ ಹತ್ರ ಅಕ್ಕ," ಎಂದಳು ಅವಳ ಓರಗಿತ್ತಿ, ಚಿಕ್ಕವಳು. "ಯಂತ್ರದ ಬಿಸಿನೀರು ಬಂದು ಬೀಳುತ್ತಲ್ಲ, ಅಲ್ಲೇ ಕಲ್ಲು ಕಚ್ಕೊಂಡಿತ್ತು."

"ಹೆತ್ತೋರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ನೀನು ಇದನ್ನ ಹೆತ್ತೂ ಇಲ್ವಲ್ಲೇ."

ತಣ್ಣೀರ ತೊಟ್ಟಿಗಳಲ್ಲಿ ಕೆಲ್ಪಿನ ಸಸಿ ಎಬ್ಬಿಸುತ್ತಿದ್ದ ನಿವೃತ್ತ ಮೇಷ್ಟ್ರು ನಗಲು ಹೋಗಿ, ದೊಡ್ಡವಳ ಮುಖ ನೋಡಿ ಕೆಮ್ಮಿದರು.

ಬೀಜಕ್ಕೆಂದು ತಾಯಿಸೊಪ್ಪನ್ನು ಆರಿಸುವ ಕೆಲಸ ಮೂವತ್ತು ವರ್ಷದಿಂದ ದೊಡ್ಡವಳದು. ಅತ್ತೆ ತಮ್ಮ ಮೂಳೆಹಿಡಿಯ ಕತ್ತಿಯನ್ನು ಅವಳ ಕೈಗಿಟ್ಟ ದಿನದಿಂದ ಆ ಕತ್ತಿಯನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಅವಳು ಆರಿಸಿದ ಸೊಪ್ಪಿನ ಬೀಜಕಣಗಳು ತೊಟ್ಟಿಯಲ್ಲಿ ದಾರಕ್ಕೆ ಅಂಟಿ ಮೊಳೆಯಬೇಕು. ಆ ದಾರವನ್ನು ದಪ್ಪ ಹಗ್ಗಕ್ಕೆ ಸುತ್ತಿ ಕೊಲ್ಲಿಯಲ್ಲಿ ಇಳಿಬಿಡಬೇಕು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಅವಳು ಅತ್ಯಂತ ಆಳದ, ಅತ್ಯಂತ ತಣ್ಣನೆಯ ನೀರಿನ ಸುಂದರಿಯರನ್ನೇ ಹುಡುಕಿ ತರುತ್ತಿದ್ದಳು. ಆದರೆ ಎರಡು ವರ್ಷದಿಂದ ಕೊಯ್ಲಿಗೆ ಮೊದಲೇ ಕಡಲು ಕಾದು, ಸುಂದರಿಯರೆಲ್ಲ ಹಗ್ಗದಲ್ಲೇ ಬೆಳ್ಳಗಾಗಿ ಗಂಜಿಯಂತೆ ಕರಗಿಹೋಗಿದ್ದರು. ಈ ಸಲವೂ ಹೀಗಾದರೆ ಕೊಲ್ಲಿ ಬಿಟ್ಟು ಮೀನಿನ ಡಬ್ಬಿ ತುಂಬುವ ಕೆಲಸಕ್ಕೆ ಹೋಗುವುದೆಂದು ಇಬ್ಬರ ಗಂಡಂದಿರೂ ಹೇಳಿಬಿಟ್ಟಿದ್ದರು.

"ಒಂದೇ ಒಂದು ಹಗ್ಗ ಅವಳದ್ದೂ ಇರಲಿ," ಎಂದರು ಮೇಷ್ಟ್ರು. "ನಿಮ್ಮದರ ಪಕ್ಕದಲ್ಲೇ ಕಟ್ಟಿ. ಗೆದ್ದಿದ್ದು ಗೆಲ್ಲಲಿ."

"ಕಟ್ತೀನಿ. ನನ್ನ ಗಂಟೇನು ಹೋಗುತ್ತೆ."

ಹಗ್ಗ ಇಳಿಸುವ ದಿನ ಚಿಕ್ಕವಳಿಗೆ ಸೊಂಟ ಹಿಡಿದಿತ್ತು. ದೊಡ್ಡವಳು ಒಬ್ಬಳೇ ದೋಣಿ ತೆಗೆದುಕೊಂಡು ಹೋದಳು. ತನ್ನ ಹಗ್ಗಗಳನ್ನೆಲ್ಲ ಕೊಲ್ಲಿಯ ಬಾಯಲ್ಲಿ, ತಣ್ಣನೆಯ ಸೆಳೆತ ಬರುವಲ್ಲಿ ಕಟ್ಟಿದಳು. ಉಳಿದ ಒಂದು ಚಿಕ್ಕವಳದು. ಆಮೇಲೆ ದೋಣಿಯನ್ನು ಒಳಕ್ಕೆ ತಿರುಗಿಸಿ, ಆಳವಿಲ್ಲದ ದಡದಂಚಿಗೆ ಹೋದಳು. ಬಿಸಿಲಿಗೆ ನೀರು ಸಾರಿನಂತೆ ಕಾಯುವ ಜಾಗ ಅದು. ಅಲ್ಲಿ ನಾಲ್ಕು ವರ್ಷದಿಂದ ಪಾಚಿಯೂ ಸರಿಯಾಗಿ ಹಿಡಿದಿರಲಿಲ್ಲ.

ವಸಂತ ಇನ್ನೂ ಕಾಲಿಡುವಾಗಲೇ ಕಡಲು ಕಾಯಿತು. ಇಬ್ಬರೂ ದೋಣಿಯಲ್ಲಿ ಹೋಗಿ ಕೊಲ್ಲಿಯ ಬಾಯಿಯ ಹಗ್ಗಗಳನ್ನು ಎಳೆದರು. ಮೊದಲನೆಯದು ಬೋಳು. ಎರಡನೆಯದರಲ್ಲಿ ಲೋಳೆ. ಆರನೆಯ ಹಗ್ಗದ ಹೊತ್ತಿಗೆ ದೊಡ್ಡವಳು ಎಣಿಸುವುದನ್ನು ಬಿಟ್ಟಿದ್ದಳು. ಚಿಕ್ಕವಳು ಬೋಳು ಹಗ್ಗಗಳನ್ನು ಸುತ್ತಿ ಸುತ್ತಿ ದೋಣಿಯಲ್ಲಿಟ್ಟಳು. ಬೈದಿದ್ದರೆ ವಾಸಿಯಿತ್ತು.

ವಾಪಸು ಬರುವಾಗ ದಡದಂಚಿನಲ್ಲಿ ಒಂಟಿ ಕೆಂಪು ತೇಲುಬುಂಡೆ ಕಂಡು ಚಿಕ್ಕವಳೇ ಹಗ್ಗಕ್ಕೆ ಕೈ ಹಾಕಿದಳು. ಹಗ್ಗ ಭಾರವಾಗಿತ್ತು. ಅರ್ಧದಷ್ಟು ಬೋಳೇ, ಉಳಿದರ್ಧದಲ್ಲಿ ಮೊಳದುದ್ದದ ಕಂದು ಸೊಪ್ಪು, ಬೆರಳಿಂದ ಎಳೆದರೂ ಬಿಡದಷ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಅಕ್ಕ," ಎಂದಳು ಚಿಕ್ಕವಳು ಮೆಲ್ಲಗೆ, "ನಿಂದು ಒಂದು ಇಲ್ಲೂ ಕಟ್ಟಿದ್ಯಾ? ಉಳಿದಿದೆ ನೋಡು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೂಂ ಎಂದರೆ ಮುಂದಿನ ವರ್ಷವೂ ಆಳದ ಸುಂದರಿಯರೇ ತಾಯಂದಿರು. ದೊಡ್ಡವಳು ಸೊಪ್ಪಿನ ಒಂದು ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಹಳೇ ಚರ್ಮದ ಚೀಲ.

"ನಂದಲ್ಲ. ನಿಂದು."

"ಪಕ್ಕಪಕ್ಕ ಅಂದಿದ್ರಲ್ಲ ಮೇಷ್ಟ್ರು?"

"ಸಾಯ್ಲಿ ಅಂತ ಇಲ್ಲಿ ಕಟ್ದೆ."

ನೀರು ದೋಣಿಯ ಹೊಟ್ಟೆಗೆ ಬಡಿಯುತ್ತಿತ್ತು. ಚಿಕ್ಕವಳು ಅಂಗಿಯ ಒದ್ದೆ ತೋಳನ್ನು ಹಿಂಡಿದಳು, ಮತ್ತೆ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಹಾಗಾದ್ರೆ ಮುಂದಿನ ಸಲ ಇದಕ್ಕಿಂತ ಕೆಟ್ಟ ಜಾಗ ಹುಡುಕು," ಎಂದಳು ಕೊನೆಗೆ. "ಈ ಕೊಲ್ಲಿಲಿ ಅದು ನಿನ್ನಷ್ಟು ಯಾರಿಗೆ ಗೊತ್ತು."

ದೊಡ್ಡವಳ ಮೂಗಿನಿಂದ ಗಾಳಿ ಹೊರಟಿತು. ನಗು ಬಹುಶಃ. "ಇದೆ ಒಂದು. ಮೀನು ಕೂಡ ಶಾಪ ಹಾಕ್ಕೊಂಡು ದಾಟೋ ಜಾಗ."

ಅವಳು ಸೊಂಟದಿಂದ ಕತ್ತಿ ತೆಗೆದು, ಮೂಳೆಹಿಡಿಯನ್ನು ಚಿಕ್ಕವಳ ಕಡೆ ಮಾಡಿ ಹಲಗೆಯ ಮೇಲಿಟ್ಟಳು. ಚಿಕ್ಕವಳು ತುಸು ತಡೆದು ಅದನ್ನು ಎತ್ತಿಕೊಂಡಳು. ಒಂದೊಂದೇ ಸೊಪ್ಪನ್ನು ಬೆಳಕಿಗೆ ಹಿಡಿದು ನೋಡಿದಳು. ದಪ್ಪನೆಯ ಏಳನ್ನು ತಾಯಿಗೆಂದು ಬಿಟ್ಟು ಉಳಿದದ್ದನ್ನು ಕೊಯ್ದಳು. ದೊಡ್ಡವಳು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಗಂಟು ಗಂಟಾಗಿ, ನಿಧಾನಕ್ಕೆ ಮತ್ತೆ ನೀರಿಗೆ ಇಳಿಸಿದಳು. ಉಗುರುಬೆಚ್ಚಗಿನ ಆ ನೀರಿನಲ್ಲಿ ಏಳೂ ಸೊಪ್ಪು ಒಂದೊಂದಾಗಿ ಮಡಿಕೆ ಬಿಚ್ಚಿಕೊಂಡವು.