ಮೊದಲ ಗಾಜು

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಚಿಕ್ಕಮ್ಮ ಎಷ್ಟು ಉಜ್ಜಿದರೂ ತೀರಿಹೋದ ಅಕ್ಕನ ಉಗುರಿನ ಕಂದು ಕಲೆ ಜಪ್ಪಯ್ಯ ಅಂದರೂ ಹೋಗಲೊಲ್ಲದು.

“ಬಿಡು ಚಿಕ್ಕಮ್ಮ. ಬದುಕಿದ್ದಾಗ್ಲೇ ಹೋಗ್ಲಿಲ್ಲ, ಈಗ ಹೋಗುತ್ತಾ?” ಎಂದಳು ಮಗಳು. ತುಂಬು ಬಸುರಿ, ತಾಯಿಯ ತಲೆದೆಸೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಕೈಗವಸು ಹಾಕಿದರೆ ಬೆರಳು ಕುರುಡಾಗುತ್ತವೆ ಎನ್ನುತ್ತಿದ್ದ ತಾಯಿ, ಮೊನ್ನೆಯವರೆಗೂ ಲ್ಯಾಬಿಗೆ ಹೋಗಿಬಂದು, ನಿನ್ನೆ ನಿದ್ದೆಯಲ್ಲೇ ಹೊರಟುಬಿಟ್ಟಿದ್ದಳು. ಪಿತ್ತನಾಳದ ಕ್ಯಾನ್ಸರಿನ ತುಣುಕುಗಳನ್ನು ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವುದು ಅವಳ ಕೆಲಸ. ಒಂದು ಕಿಣ್ವ ಹೆಚ್ಚಿರುವ ಗಡ್ಡೆ ಹೊಸ ರಕ್ತನಾಳಗಳನ್ನೂ ಹೆಚ್ಚು ಬೆಳೆಸಿಕೊಳ್ಳುತ್ತದೆಯೇ ಎಂಬುದು ಅಲ್ಲಿಯ ಡಾಕ್ಟರ ಪ್ರಶ್ನೆ. ಕಿಣ್ವವಿದ್ದಲ್ಲಿ ತುಣುಕು ಕಂದಾಗುತ್ತಿತ್ತು, ಜೊತೆಗೆ ಉಗುರೂ.

ಅಮ್ಮನಿಗೆ ತನಗಿಂತ ಆ ಗಾಜುಗಳೇ ಹೆಚ್ಚು ಎಂಬ ಮುನಿಸು ಮಗಳಿಗೆ ಚಿಕ್ಕಂದಿನಿಂದ. ಹೌದೋ ಅಲ್ಲವೋ ಎಂದು ಕೇಳಬೇಕಿತ್ತು. ಈಗ ಯಾರನ್ನು ಕೇಳುವುದು?

*

ಒಮ್ಮೆ ಶಾಲೆಯ ನಾಟಕದಲ್ಲಿ ಮಗಳು ಮರ. ಮಾತಿಲ್ಲ, ಕೈ ಚಾಚಿ ನಿಲ್ಲುವುದಷ್ಟೇ. ನಿಂತೇ ನಿಂತಳು; ಅಮ್ಮನ ಕುರ್ಚಿ ಮಾತ್ರ ಖಾಲಿ.

“ಬಣ್ಣ ಹಿಡೀಲಿಲ್ಲ, ಮತ್ತೆ ಹಾಕ್ಬೇಕಾಯ್ತು. ಆದ್ರೆ ನಿನ್ನನ್ನೇ ನೋಡ್ತಾ ಕೂತಿದ್ದೆ ಕಣೇ,” ಎಂದಳು ತಾಯಿ, ಮನೆಗೆ ಬಂದು.

ಇಷ್ಟು ಹಸಿ ಸುಳ್ಳು ಕೇಳಿದ್ದೇ ಇಲ್ಲ ಎಂದು ಮರ ಬಾಗಿಲು ಹಾಕಿಕೊಂಡಿತು.

*

ಹೆಣ ಎತ್ತಲು ಇನ್ನೂ ಹೊತ್ತಿತ್ತು. ಲ್ಯಾಬಿನ ಡಾಕ್ಟರು ಬಂದರು. ನರೆತ ಕೂದಲಿನ, ಸಂಕೋಚದ ಹೆಂಗಸು. ಪಕ್ಕದಲ್ಲಿ ಕೂತು ಪರ್ಸಿನ ಜಿಪ್ಪು ತೆಗೆದರು, ಹಾಕಿದರು.

“ಇವತ್ತೇ ಕೇಳಬಾರ್ದು, ತಪ್ಪು ತಿಳೀಬೇಡಮ್ಮ. ನಿನ್ನದು ಮುಗೀತಾ ಬಂತು.”

“ನಂದಾ? ಏನು ನಂದು?” ಎಂದಳು ಮಗಳು. ಡಾಕ್ಟರು ಬಿಡಿಸಿ ಹೇಳಿದರು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಿಳಿಯಲು, ಕಿಣ್ವವೂ ರಕ್ತನಾಳವೂ ಖಂಡಿತ ಇರುವ ತುಣುಕೊಂದನ್ನು ಪ್ರತಿ ಸಲವೂ ಮೊದಲ ಗಾಜಿನಲ್ಲಿ ಇಡಬೇಕು. ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಬೀಳುವ ಮಾಸಿನಲ್ಲಿ ಎರಡೂ ಧಾರಾಳ. ಮಗಳು ಹುಟ್ಟಿದ ದಿನ ಮಲಗಿದ್ದಲ್ಲಿಂದಲೇ ತಾಯಿ, ಅದನ್ನು ಬಿಸಾಡೀರಿ ಜೋಕೆ, ಲ್ಯಾಬಿಗೆ ಕೊಡಿ ಎಂದು ನರ್ಸಿಗೆ ತಾಕೀತು ಮಾಡಿದ್ದಳಂತೆ. ಅದನ್ನೇ ಅಚ್ಚು ಮಾಡಿಟ್ಟು, ಇಷ್ಟು ವರ್ಷ ಚೂರು ಚೂರೇ ಕೊಯ್ದು ಬಳಸಿದ್ದಳಂತೆ, ಜಿಪುಣಿಯ ಹಾಗೆ.

“ಬೆಳಗ್ಗೆ ಮೊದ್ಲು ನಿನ್ನ ನೋಡದೆ ಅವರು ಇನ್ನೊಂದು ಗಾಜು ಮುಟ್ಟಿದ್ದೇ ಇಲ್ಲ,” ಎಂದರು ಡಾಕ್ಟರು. “ಕೊನೇ ಅಚ್ಚಲ್ಲಿ ಒಂಚೂರು ಉಳಿದಿದೆ. ನಿಂಗೆ ಬೇಕಾ, ಲ್ಯಾಬಿಗೇ ಇರ್ಲಾ?”

ಮಗಳು ಗಳಗಳ ಅತ್ತಳು. ಅಳುತ್ತಲೇ ನಗು ಬಂತು. ಚಿಕ್ಕಮ್ಮನ ಕೈಯ ಹತ್ತಿ ಕಿತ್ತುಕೊಂಡು ಮೂಗು ಒರೆಸಿಕೊಂಡಳು. ಸ್ಪಿರಿಟ್ಟು ಮೂಗಿಗೇರಿ ಒಂದು ಸೀನೂ ಆಯಿತು.

“ಅದನ್ನ ನಂಗೆ ಕೊಡಿ. ನಿಮಗೆ ಹೊಸದು ಕೊಡ್ತೀನಿ,” ಎಂದು ಹೊಟ್ಟೆ ಸವರಿಕೊಂಡಳು. “ಮುಂದಿನ ತಿಂಗಳು ಆಸ್ಪತ್ರೆಗೆ ಡಬ್ಬಿ ತಗೊಂಡ್ಬನ್ನಿ. ದೊಡ್ಡದೇ ಇರ್ಲಿ.”

ಸದ್ಯಕ್ಕೆ ಇದಿರಲಿ ಎಂದು ಡಾಕ್ಟರು ಪರ್ಸಿನಿಂದ ಗಾಜೊಂದನ್ನು ತೆಗೆದು ಕೊಟ್ಟರು, ತಾಯಿ ಮೊನ್ನೆ ಬಣ್ಣ ಹಾಕಿದ ಮೊದಲ ಗಾಜು. ಮಗಳು ಒಂದು ಕೈಯಲ್ಲಿ ಆ ಕಂದು ಉಗುರುಗಳನ್ನು ಹಿಡಿದುಕೊಂಡೇ, ಇನ್ನೊಂದರಲ್ಲಿ ಗಾಜನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಅದರ ನಡುವೆ ಕಂದು ಬಣ್ಣದ ಪುಟ್ಟ ಮರವೊಂದು ಕೈ ಚಾಚಿ ನಿಂತಿತ್ತು.