ಇನ್ನೂ ನೂರು ಅಂಕ

"ಓಟ ಚೆನ್ನಾಗಿದೆ. ಪುಷ್‌ಅಪ್‌ನಲ್ಲಿ ಹುಡುಗರನ್ನೂ ಮೀರಿಸಿದೀಯ. ನಿಮ್ಮ ಟೀಚರುಗಳು ಬರೆದಿರೋ ಪತ್ರಗಳೂ ಚೆನ್ನಾಗಿವೆ," ಎನ್ನುತ್ತ ಲೆಫ್ಟಿನೆಂಟ್ ಕರ್ನಲ್ ಅಡೇರ್ ಹಾಳೆ ತಿರುವಿದರು. ಅವರ ಬೆರಳು ಒಂದು ಕಡೆ ನಿಂತಿತು. "ಈ ಎಸ್‌ಎಟಿ ಅಂಕ ಮಾತ್ರ... ಸಾವಿರದ ಆರುನೂರಕ್ಕೆ ಸಾವಿರದ ಇಪ್ಪತ್ತು. ಏನಾಯ್ತು ಅವತ್ತು?"

ಸೋಲ್ವೆ ಟಾಂಡೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕಾಲೇಜು ಪ್ರವೇಶ ಪರೀಕ್ಷೆಯ ಬಗ್ಗೆ ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸೇನೆಯ ವಿದ್ಯಾರ್ಥಿವೇತನ ಸಿಕ್ಕಿದರೆ ನಾಲ್ಕು ವರ್ಷ ಕಾಲೇಜು, ಆಮೇಲೆ ಅಧಿಕಾರಿಯ ಹುದ್ದೆ. ಸಿಗದಿದ್ದರೆ ಊರಿನ ಗೋಧಿ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ. "ಜ್ವರ ಇತ್ತು ಅಂತ ಹೇಳಿಬಿಡು, ಯಾರು ಬಂದು ನೋಡ್ತಾರೆ?" ಎಂದು ಶಾಲೆಯ ಸಲಹೆಗಾರರು ಕಿವಿಮಾತು ಹೇಳಿ ಕಳಿಸಿದ್ದರು.

"ಏನೂ ಆಗಿರಲಿಲ್ಲ ಮ್ಯಾಮ್. ಹುಷಾರಾಗೇ ಇದ್ದೆ. ಲೆಕ್ಕದಲ್ಲಿ ಅರ್ಧಕ್ಕರ್ಧ ನನಗೆ ಗೊತ್ತೇ ಇರಲಿಲ್ಲ."

ಶಾಲೆಯ ಗಣಿತದ ಮೇಷ್ಟ್ರು ಕೆಲಸ ಬಿಟ್ಟು ವರ್ಷವಾಗಿದೆ, ಮೊಂಟಾನಾ ರಾಜ್ಯದ ಆ ಮೂಲೆಗೆ ಬೇರೆ ಯಾರೂ ಬಂದಿಲ್ಲ ಎಂಬುದನ್ನೂ ಹೇಳಬಹುದಿತ್ತು. ಅದು ಅವಳಿಗೆ ನೆನಪಾದದ್ದು ಹೊರಗೆ ಬಂದ ಮೇಲೆ.

ಕರ್ನಲ್ ಪೆನ್ನು ಕೆಳಗಿಟ್ಟರು. "ನಾನು ನಿನ್ನ ಬಗ್ಗೆ ಒಳ್ಳೇದೇ ಬರೀತೀನಿ. ಆದರೆ ಆಯ್ಕೆ ಮಾಡೋರು ನಿನ್ನ ಮುಖ ನೋಡಲ್ಲ, ಅವರ ಮುಂದೆ ರಾಶಿ ಅರ್ಜಿ ಇರತ್ತೆ. ಜನವರಿಯಲ್ಲಿ ಮಂಡಳಿ ಮತ್ತೆ ಕೂರತ್ತೆ. ಅಷ್ಟರೊಳಗೆ ಇನ್ನೊಂದ್ಸಲ ಬರೆದು ನೂರು ಅಂಕ ಸೇರಿಸಿ ಕಳಿಸು. ಕಳಿಸಿದರೆ ಸಿಕ್ಕೇ ಸಿಗತ್ತೆ ಅಂತ ಮಾತು ಕೊಡಕ್ಕಾಗಲ್ಲ."

ಹೊರಗೆ ಅಪ್ಪ ರೋಲ್ಫ್ ಗಾಡಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ. ಊರಿನ ಹಳದಿ ಶಾಲಾ ಬಸ್ಸಿನ ಡ್ರೈವರು ಅವನು. ಅದಕ್ಕೂ ಮುಂಚೆ ನಾಲ್ಕು ವರ್ಷ ಸೇನೆಯಲ್ಲಿ ಇಂಧನದ ಟ್ರಕ್ಕು ಓಡಿಸಿದ್ದ.

"ಎಷ್ಟು ಬೇಕಂತೆ?"

"ಇನ್ನೂ ನೂರು."

"ಬರೀ ನೂರಾ!"

"ಅಪ್ಪಾ, ಅದು ಬರೀ ನೂರಲ್ಲ."

ಕೊಯ್ಲಾದ ಗೋಧಿ ಹೊಲಗಳ ನಡುವೆ ಗಾಡಿ ಓಡಿತು. ಎರಡು ಊರು ದಾಟಿದ ಮೇಲೆ ರೋಲ್ಫ್ ರಸ್ತೆಯ ಮೇಲಿಂದ ಕಣ್ಣು ಕೀಳದೆ ಹೇಳಿದ: "ನಾನೂ ಬರೆದಿದ್ದೆ ಕಣೇ ಒಂದು ಪರೀಕ್ಷೆ. ಸೇನೆಗೆ ಸೇರೋವಾಗ. ನಂಗೆ ಹೆಲಿಕಾಪ್ಟರ್ ರಿಪೇರಿ ಕಲೀಬೇಕು ಅಂತಿತ್ತು. ಅಂಕ ಸಾಲಲಿಲ್ಲ."

"ಮತ್ತೆ ಟ್ರಕ್ಕು ನೀನೇ ಕೇಳಿ ತಗೊಂಡಿದ್ದು ಅಂತಿದ್ದೆಯಲ್ಲ?"

"ಅಂತಿದ್ದೆ. ನಿಮ್ಮಮ್ಮನಿಗೂ ಹಾಗೇ ಹೇಳಿದೀನಿ." ಅವನು ಕಿಟಕಿ ಇಳಿಸಿ ಸಿಪ್ಪೆ ಉಗಿದ. "ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಬರಿ ಅಂದಿದ್ರು. ನಾಚಿಕೆ ಆಯ್ತು. ಕೊಟ್ಟಿದ್ದಕ್ಕೆ ಕೈ ಒಡ್ಡಿದೆ."

ಅದೇ ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೂ ಅದನ್ನು ಹೇಳಿದ. ಗ್ರೆಟಾ ಆಲೂಗಡ್ಡೆ ಬಡಿಸುತ್ತಲೇ, "ಗೊತ್ತಿತ್ತು. ನಮ್ಮ ಮದುವೆ ದಿನಾನೇ ನಿಮ್ಮಣ್ಣ ಕುಡಿದು ಹೇಳಿದ್ದ," ಎಂದಳು. ರೋಲ್ಫ್ ಇನ್ನೆರಡು ಆಲೂಗಡ್ಡೆ ಹಾಕಿಸಿಕೊಂಡ. ಸೋಲ್ವೆ ನಗು ತಡೆಯಲಾರದೆ ನೀರು ಕುಡಿಯಲು ಹೋಗಿ ಕೆಮ್ಮಿದಳು.

ಮಾರನೆಯ ದಿನದಿಂದ ಅವಳು ಬಸ್ಸಿನ ಹಿಂದಿನ ಸೀಟು ಬಿಟ್ಟು ಅಪ್ಪನ ಬೆನ್ನಿಗೇ ಬಂದು ಕೂತಳು. ಶಾಲೆಗೆ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ. ಅವಳು ಲೆಕ್ಕ ಓದಿ ಹೇಳುವಳು, ಬಿಡಿಸುವಳು, ಅಪ್ಪನಿಗೆ ವಿವರಿಸುವಳು. ಅವನಿಗೆ ಅರ್ಥವಾಗದಿದ್ದರೆ ಮತ್ತೆ ಮೊದಲಿಂದ.

"ನನ್ನ ತಲೆಗೆ ಹೋಯ್ತು ಅಂದ್ರೆ ನಿನ್ನ ತಲೆಗೆ ಗ್ಯಾರಂಟಿ ಹೋಗಿದೆ ಅಂತ," ಎನ್ನುತ್ತಿದ್ದ ರೋಲ್ಫ್.

"ರೋಲ್ಫ್ ಅಂಕಲ್, ಇವತ್ತು ಪಾಸಾ ಫೇಲಾ?" ಎಂದು ಹಿಂದಿನಿಂದ ಮಕ್ಕಳು ಕೂಗುತ್ತಿದ್ದರು.

"ಫೇಲು! ಬಾಯಿ ಮುಚ್ಕೊಂಡು ಕೂತ್ಕೊಳ್ರೋ!"

ಡಿಸೆಂಬರಿನ ಮೊದಲ ಶನಿವಾರ, ನೂರ ನಲವತ್ತು ಮೈಲಿ ದೂರದ ಶಾಲೆಯೊಂದರಲ್ಲಿ ಪರೀಕ್ಷೆ. ಅಪ್ಪ ಮಗಳು ಹಿಂದಿನ ದಿನವೇ ಹೊರಟು ಅಲ್ಲಿಯೇ ತಂಗಿದ್ದರು. ಪರೀಕ್ಷೆ ಬರೆಯುವುದು ಲ್ಯಾಪ್‌ಟಾಪಿನಲ್ಲಿ. ಲೆಕ್ಕದ ಮೊದಲ ಭಾಗ ಚೆನ್ನಾಗಿ ಮಾಡಿದವರಿಗೆ ಎರಡನೆಯ ಭಾಗದಲ್ಲಿ ಕಷ್ಟದ ಪ್ರಶ್ನೆಗಳು ಬರುತ್ತವೆ, ಮಾಡದವರಿಗೆ ಸುಲಭದವು. ಕಳೆದ ಬೇಸಿಗೆಯಲ್ಲಿ ಎರಡನೆಯ ಭಾಗ ತೀರ ಸಲೀಸಾಗಿತ್ತೆಂದು ಅವಳು ಕುಣಿದಾಡಿಕೊಂಡು ಮನೆಗೆ ಬಂದಿದ್ದಳು. ಅದರ ಅರ್ಥ ತಿಳಿದದ್ದು ಅಂಕ ಬಂದ ಮೇಲೆ.

ಈ ಸಲ ಎರಡನೆಯ ಭಾಗ ತೆರೆದುಕೊಂಡಾಗ ಮೊದಲ ಪ್ರಶ್ನೆಯನ್ನೇ ಅವಳು ಮೂರು ಸಲ ಓದಬೇಕಾಯಿತು. ಎರಡನೆಯದು ಇನ್ನೂ ಕಠಿಣ. ಅವಳಿಗೆ ಗಂಟಲಿನವರೆಗೆ ನಗು ಬಂತು. ಮೇಲ್ವಿಚಾರಕಿ ಅನುಮಾನದಿಂದ ನೋಡಿದ್ದರಿಂದ ತಲೆ ತಗ್ಗಿಸಿ, ಕಚ್ಚಾ ಲೆಕ್ಕದ ಹಾಳೆ ಎಳೆದುಕೊಂಡು ಪೆನ್ಸಿಲ್ ಎತ್ತಿಕೊಂಡಳು.

ಎರಡು ವಾರಕ್ಕೆ ಅಂಕ ಬಂತು. ಸಾವಿರದ ನೂರ ಹತ್ತು.

"ಹತ್ತು ಕಡಿಮೆ," ಎಂದಳು ಸೋಲ್ವೆ. ಅವಳು ಅದನ್ನೇ ಕಳಿಸಿದಳು. ಕರ್ನಲ್ ಅಡೇರ್ ಒಂದೇ ಸಾಲು ಉತ್ತರಿಸಿದರು: "ಅರ್ಜಿಗೆ ಸೇರಿದೆ. ಕಾಯುತ್ತಿರು."

ಉತ್ತರ ಬಂದದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಗ್ರೆಟಾ ಆಸ್ಪತ್ರೆಯ ಕೆಲಸಕ್ಕೆ ಹೊರಡಲು ಸಮವಸ್ತ್ರ ತೊಟ್ಟು ನಿಂತಿದ್ದಳು. ಸೋಲ್ವೆ ಫೋನಿನಲ್ಲಿ ಬಂದ ಪತ್ರವನ್ನು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಜೋರಾಗಿ ಹೇಳಿದಳು.

"ಸಿಕ್ಕಿದೆ. ಆದರೆ ನಾಲ್ಕು ವರ್ಷದ್ದಲ್ಲ, ಮೂರು ವರ್ಷದ್ದು. ಮೊದಲನೇ ವರ್ಷದ ಖರ್ಚು ನಾವೇ ನೋಡ್ಕೋಬೇಕು."

ಗ್ರೆಟಾ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. "ನೋಡ್ಕೊಳ್ಳೋಣ ಬಿಡು. ಬೇಸಿಗೆಗೆ ಗೋದಾಮಿನಲ್ಲಿ ಕೆಲಸ ಮಾಡು, ನಾನೂ ಭಾನುವಾರದ ಡ್ಯೂಟಿ ಕೇಳ್ತೀನಿ."

"ಇನ್ನು ಹತ್ತು ಬಂದಿದ್ರೆ ನಾಲ್ಕೂ ಕೊಡ್ತಿದ್ರೇನೋ ಅಪ್ಪಾ."

"ಕೊಡ್ತಿದ್ರೇನೋ, ಇಲ್ವೇನೋ. ಅದನ್ನ ಯಾರೂ ನಮಗೆ ಹೇಳಲ್ಲ," ಎಂದ ರೋಲ್ಫ್. ಎದ್ದು ಟೋಪಿ ಹಾಕಿಕೊಂಡ. "ಮಕ್ಕಳು ಕಾಯ್ತಿರ್ತಾರೆ. ನೀನು ಬಾ ನಿಧಾನಕ್ಕೆ."

ಹೊರಗೆ ಅಂಗಳದಲ್ಲಿ ಹಿಮ ಕಲ್ಲಿನಂತೆ ಗಟ್ಟಿಯಾಗಿತ್ತು. ಎಂಜಿನ್ ಹೆಪ್ಪುಗಟ್ಟದಿರಲೆಂದು ಬಸ್ಸಿಗೆ ಸಿಕ್ಕಿಸಿಟ್ಟಿದ್ದ ಕರೆಂಟಿನ ವೈರನ್ನು ಅವನು ಕಿತ್ತು, ಮೊಣಕೈಗೆ ಸುತ್ತತೊಡಗಿದ್ದು ಅಡಿಗೆಮನೆಯ ಕಿಟಕಿಯಿಂದ ಸೋಲ್ವೆಗೆ ಕಂಡಿತು. ಹೊಲದಾಚೆ ಆಕಾಶ ಕೆಂಪೇರುತ್ತಿತ್ತು. ಅವನು ಅತ್ತ ಮುಖ ಮಾಡಿ ನಿಂತಿದ್ದ, ಬಾಯಿಂದ ಬಿಳಿ ಹಬೆ ಏಳುತ್ತಿತ್ತು. ವೈರು ಮುಗಿದುಹೋಗಿತ್ತು, ಕೈ ಮಾತ್ರ ಇನ್ನೂ ಸುತ್ತುತ್ತಲೇ ಇತ್ತು.